ಇರುವೆ ದಾಟದ ಬಟ್ಟಲು

ನಾನು ಒಂದು ಕಲ್ಲಿನ ಬಟ್ಟಲು. ಬಳಪದ ಕಲ್ಲಿನ ದಿಮ್ಮಿಯೊಂದರಿಂದ ಕಲ್ಲುಕುಟಿಗನು ಸಾರು ಕಾಯಿಸುವ ಗಡಿಗೆಯನ್ನು ಕೊರೆದ. ಉಳಿದ ತುಂಡನ್ನು ಎಸೆಯಲು ಮನಸ್ಸು ಬಾರದೆ ಅದರಲ್ಲಿ ನಾಲ್ಕು ಬಟ್ಟಲು ಮಾಡಿದ. ಒಂದು ದಿಮ್ಮಿ, ಒಂದು ಗಡಿಗೆ, ನಾಲ್ಕು ಬಟ್ಟಲು, ಶೇಷ ಪುಡಿ. ನನ್ನ ನಡುವೆ ಒಂದು ದಿಂಡು, ದಿಂಡಿನ ಸುತ್ತ ಎರಡು ಬೆರಳು ಆಳದ ಕಾಲುವೆ. ದಿಂಡಿನ ಮೇಲೆ ಕಪಾಟಿನ ಕಾಲು ನಿಲ್ಲಬೇಕು. ಕಾಲುವೆಯಲ್ಲಿ ನೀರು ನಿಲ್ಲಬೇಕು. ಇರುವೆ ಈಚೆಗೇ ನಿಲ್ಲಬೇಕು. ನನ್ನ ವೃತ್ತಿ ಇಷ್ಟೇ.

ಗದಗಿನ ಗುರಸಿದ್ದವ್ವ ನಮ್ಮನ್ನು ಕೊಂಡು ತಂದಳು. ಅವಳ ಜಾಲರಿ ಕಪಾಟಿನಲ್ಲಿ ಹಾಲು, ಬೆಣ್ಣೆ, ಬೆಲ್ಲ ಇರುತ್ತಿದ್ದವು. ನಲವತ್ತೊಂದು ವರ್ಷ ನಾನು ಆ ಕಪಾಟನ್ನು ಹೊತ್ತೆ. ಅವಳ ಮುಖವನ್ನು ನಾನು ಬಲ್ಲೆನೆಂದು ಹೇಳಲಾರೆ. ಬಿರಿದ ಹಿಮ್ಮಡಿಗಳನ್ನು ಬಲ್ಲೆ. ವಾರಕ್ಕೊಮ್ಮೆ, ಸೋಮವಾರ, ಹಳೆಯ ನೀರು ಚೆಲ್ಲಿ ಹೊಸ ನೀರು ಹಾಕುತ್ತಿದ್ದಳು. ತಪ್ಪಿದ್ದು ಕಾಣೆ.

ಅವಳ ತರುವಾಯ ಮನೆಗೆ ಫ್ರಿಜ್ ಬಂತು. ಕಪಾಟು ಒಲೆಗೆ ಹೋಯಿತು. ನಾವು ನಾಲ್ವರು ಅಟ್ಟಕ್ಕೆ ಹೋದೆವು. ಅಲ್ಲಿ ಹತ್ತೊಂಬತ್ತು ವರ್ಷ ಧೂಳನ್ನು ಹೊತ್ತು ಕುಳಿತೆವು. ಧೂಳು ಹಗುರ; ಆದರೆ ಕೆಲಸವಿಲ್ಲದವನಿಗೆ ಅದೂ ಭಾರವೇ.

ನಮ್ಮನ್ನು ಇಳಿಸಿದವನು ಗುರಸಿದ್ದವ್ವನ ಮೊಮ್ಮಗ ಮಲ್ಲಿನಾಥ ಮಾಸ್ತರ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವನು. ವಯಸ್ಸು ಐವತ್ತೆಂಟು. ಆ ವರ್ಷ ಶಾಲೆಯವರು ಅವನ ಪಿರಿಯಡ್ಡುಗಳನ್ನು ತೆಗೆದು ಗಣಿತಕ್ಕೆ ಕೊಟ್ಟಿದ್ದರು. ಮಾಸ್ತರನಿಗೆ ಉಳಿದದ್ದು ಮನೆ ಎಣಿಸುವ, ತಲೆ ಎಣಿಸುವ ಸರಕಾರಿ ಕೆಲಸ. ಅವನು ಜಗಳವಾಡಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡಲು ಮಾತ್ರ ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದ.

ನಮ್ಮನ್ನು ತೊಳೆದು ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದ. ಅಲ್ಲಿಂದ ಎಲ್ಲವನ್ನೂ ಕಂಡೆ. ಗಾಜಿನ ಒಂದು ಪೆಟ್ಟಿಗೆ. ಅದರ ಅರ್ಧಕ್ಕೆ ಪ್ಲಾಸ್ಟರ್ ಕಲಸಿ ಸುರಿದ. ಅದು ಗಟ್ಟಿಯಾಗುವ ಮೊದಲೇ ಮಣ್ಣಿನ ಗೊಂಬೆ ತಿದ್ದುವ ಕಡ್ಡಿಗಳಿಂದ ಕೋಣೆಗಳನ್ನು ಕೊರೆದ. ಕೆಳಗೆ ತೇವದ ಕೋಣೆ, ಮೇಲೆ ಕಾಳು ಕೂಡಿಡಲು ಒಣ ಕೋಣೆಗಳು, ನಡುವೆ ಓಣಿಗಳು. ಕೋಣೆಗಳ ಎದುರಿನ ಗಾಜಿಗೆ ಕೆಂಪು ಹಾಳೆ ಅಂಟಿಸಿದ; ಕೆಂಪು ಬೆಳಕು ಇರುವೆಗೆ ಕತ್ತಲೆಯಂತೆ. ಉಳಿದರ್ಧಕ್ಕೆ ಮರಳು ಹರಡಿ ಅಂಗಳ ಮಾಡಿದ. ಮುಚ್ಚಳಕ್ಕೆ ತಂತಿಯ ಜಾಲರಿ. ಜಾಲರಿಯ ಕಣ್ಣನ್ನು ತಾನು ಸಾಕಲು ತಂದ ಇರುವೆಗಳಲ್ಲಿ ಅತಿ ಸಣ್ಣದರ ತಲೆಯೂ ತೂರದ ಅಳತೆಗೆ ಆರಿಸಿದ. ನಮ್ಮೂರಿನ ಕೆಂಪಿರುವೆಯ ತಲೆ ಅದಕ್ಕಿಂತ ಸಣ್ಣದು; ಅದನ್ನು ಅಳೆಯಲಿಲ್ಲ.

ಇರುವೆಗಳು ಸ್ಪೇನ್ ದೇಶದ ತಳಿ. ಪುಣೆಯಲ್ಲಿ ನೆಲೆಸಿದ್ದ ಗೆಳೆಯ ವಸಂತರಾವ ಕೊಟ್ಟಿದ್ದ. ಗಾಜಿನ ನಳಿಗೆಯಲ್ಲಿ ಒಬ್ಬಳು ರಾಣಿ, ಇಪ್ಪತ್ಮೂರು ಕೂಲಿ ಇರುವೆಗಳು. ರಾಣಿ ಕಪ್ಪಗೆ, ಬೆನ್ನು ದಪ್ಪ, ಹೊಟ್ಟೆ ಉದ್ದ. ಕೂಲಿಯವುಗಳಲ್ಲಿ ಕೆಲವಕ್ಕೆ ಮೈಗೆ ಮೀರಿದ ಕೆಂಪು ತಲೆ; ಕಾಳು ಒಡೆಯುವುದು ಅವುಗಳ ಕೆಲಸ.

ಮಾಸ್ತರನ ಹೆಂಡತಿ ದಾಕ್ಷಾಯಿಣಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಮಂದಿ ನಾಯಿ ಸಾಕ್ತಾರ, ಗಿಳಿ ಸಾಕ್ತಾರ. ನಮ್ಮನ್ಯಾಗ ಇರುವಿಗೆ ಬರಗಾಲ ಬಂದಿತ್ತೇನ್ರೀ?"

"ಇವು ಇಲ್ಲಿಯವಲ್ಲ. ಹೊರದೇಶದವು."

"ಹಂಗಾರ ನಮ್ಮ ಇರುವಿಗೆ ಪುಡಿ ಹಾಕಿ ಸಾಯಸೂದು, ಪಾಸ್‌ಪೋರ್ಟ್ ಇದ್ದವಕ್ಕ ಅರಮನಿ ಕಟ್ಟೂದು. ಛಲೋ ನ್ಯಾಯ!"

ಮಾಸ್ತರ ನಕ್ಕ. ಆಮೇಲೆ ಮೆಲ್ಲಗೆ ಹೇಳಿದ: "ಮೂವತ್ತು ವರ್ಷ ಬೋರ್ಡಿನ ಮ್ಯಾಲೆ ಮನಿ ಚಿತ್ರ ತಗದೆ, ದಾಕ್ಷಾಯಿಣಿ. ದಿನಾ ಒರೆಸಿದ್ರು. ಇದೊಂದರಾಗ ಯಾರರ ಇರ್ತಾರ."

ಅವಳು ಕರಾರು ಹೇಳಿದಳು. "ಒಂದs ಒಂದು ಇರುವಿ ಕೆಳಗ ಇಳೀತಂದ್ರ, ಅರಮನಿ ಸೈತ ಕುದಿಯೋ ನೀರಾಗ."

"ಇಳಿಯೂದಿಲ್ಲ. ಹೊರದೇಶದವು ಹೊರಗ ಬೀಳಲೂಬಾರದು. ಅದಕ್ಕs ಅಜ್ಜಿಯ ಬಟ್ಟಲ ತಗದೀನಿ."

ಹೀಗೆ ನಾವು ನಾಲ್ವರು ಮತ್ತೆ ಕೆಲಸಕ್ಕೆ ಬಿದ್ದೆವು. ಕಬ್ಬಿಣದ ಸ್ಟ್ಯಾಂಡಿನ ನಾಲ್ಕು ಕಾಲಿಗೆ ನಾಲ್ಕು ಬಟ್ಟಲು. ನಲವತ್ತೊಂದು ವರ್ಷ ಇರುವೆ ಮೇಲೆ ಹತ್ತದಂತೆ ಕಾದವನು ಈಗ ಇರುವೆ ಕೆಳಗೆ ಇಳಿಯದಂತೆ ಕಾಯಬೇಕಾಯಿತು. ನೀರಿಗೆ ದಿಕ್ಕಿನ ಭೇದವಿಲ್ಲ, ನನಗೂ ಇಲ್ಲ.

ಇಪ್ಪತ್ಮೂರು ಇದ್ದ ಇರುವೆಗಳು ಜೂನ್ ತಿಂಗಳಿಗೆ ನೂರನಲವತ್ತಾದವು. ಮಾಸ್ತರ ಮನೆಗೆ ಬಂದ ಕೂಡಲೆ ಚಪ್ಪಲಿ ಕಿತ್ತೆಸೆದು ನೇರವಾಗಿ ಸ್ಟ್ಯಾಂಡಿನ ಬಳಿಗೆ ಬರುತ್ತಿದ್ದ. ನವಣೆ, ಗಸಗಸೆ ಹಾಕಿ, ಅವು ಕಾಳು ಹೊತ್ತು ಒಣ ಕೋಣೆಗೆ ಹೋಗುವುದನ್ನು ಹೆಂಡತಿಗೆ ಕೂಗಿ ಹೇಳುತ್ತಿದ್ದ. ಅವಳು ಅಡುಗೆ ಮನೆಯಿಂದಲೇ "ಅವಕ್ಕರ ಮನಿಗೆ ಕಾಳು ತರೂದು ತಿಳೀತದ" ಎನ್ನುತ್ತಿದ್ದಳು.

ಜುಲೈನಲ್ಲಿ ಮಾಸ್ತರನಿಗೆ ಪಕ್ಕದ ತಾಲೂಕಿನಲ್ಲಿ ಮೂರು ದಿನದ ಸಮೀಕ್ಷೆ ಬಂತು. ಹೋಗುವ ಮುನ್ನ ನಾಲ್ಕೂ ಬಟ್ಟಲಿಗೆ ಅಂಚಿನವರೆಗೆ ನೀರು ಸುರಿದ. ಸುರಿದನೇ ಹೊರತು ಹಳೆಯದನ್ನು ಚೆಲ್ಲಲಿಲ್ಲ. ನನ್ನೊಳಗೆ ಹತ್ತು ದಿನದಿಂದ ಸೊಳ್ಳೆಯ ಮರಿಗಳು ತೇಲುತ್ತಿದ್ದವು. ಗುರಸಿದ್ದವ್ವ ಇದ್ದಿದ್ದರೆ ಬೈಯುತ್ತಿದ್ದಳು.

ಮರುದಿನ ಬೆಳಿಗ್ಗೆ ಓಣಿಗೆ ಆಶಾ ಕಾರ್ಯಕರ್ತೆ ಫಕೀರವ್ವ ಬಂದಳು. ಡೆಂಗ್ಯೂ ಕಾಲ, ನಿಂತ ನೀರನ್ನು ನೋಡುವುದು ಅವಳ ಕರ್ತವ್ಯ. ಟಾರ್ಚ್ ಹಿಡಿದು ನನ್ನೊಳಗೆ ಇಣುಕಿದಳು.

"ಅಯ್ಯ ಅಕ್ಕಾರ! ಮಾಸ್ತರ ಮನ್ಯಾಗs ಸೊಳ್ಳಿ ಸಾಕೀರಲ್ರೀ!"

ದಾಕ್ಷಾಯಿಣಿಯ ಕಾಲ್ಬೆರಳುಗಳು ಮುದುಡಿದವು. ಅವಳ ಮನೆಯನ್ನು ಯಾರೂ ಹೊಲಸು ಎಂದದ್ದಿಲ್ಲ. "ಇರುವಿಗೆ ಇಟ್ಟಾರವ್ವಾ..." ಎಂದು ತೊದಲಿದಳು.

"ಇರುವಿ ಕಡದ್ರ ತುರಸ್ತದ, ಸೊಳ್ಳಿ ಕಡದ್ರ ದವಾಖಾನಿ. ಚೆಲ್ರಿ ಮೊದ್ಲ. ನಾಕು ದಿನ ಒಣಾ ಇಡ್ರಿ."

ಫಕೀರವ್ವ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ದಾಕ್ಷಾಯಿಣಿ ನಾಚಿಕೆಯಿಂದ ನಾಲ್ಕೂ ಬಟ್ಟಲನ್ನು ಚೆಲ್ಲಿ ತಿಕ್ಕಿ, ಬಟ್ಟೆಯಿಂದ ಒರೆಸಿ, ಒಣಗಿಸಿ ಮತ್ತೆ ಕಾಲಿನಡಿಗೆ ಇಟ್ಟಳು. ಆ ದಿನವೆಲ್ಲ ಬಗ್ಗಿ ಬಗ್ಗಿ ನೋಡಿದಳು, ಮೇಲಿನವು ಇಳಿಯುತ್ತಿವೆಯೇ ಎಂದು. ಒಂದೂ ಇಳಿಯಲಿಲ್ಲ. ಅವಳ ಭಯವೆಲ್ಲ ಇಳಿಯುವವುಗಳ ಮೇಲಿತ್ತು. ಹತ್ತುವವುಗಳನ್ನು ಅವಳು ಎಣಿಸಿರಲಿಲ್ಲ.

ಮರುದಿನ ಮುಂಜಾನೆ ಮೊದಲು ಒಂದು ಕೆಂಪಿರುವೆ ಬಂತು. ನನ್ನ ಒಣ ಕಾಲುವೆಯಲ್ಲಿಳಿದು ದಿಂಡು ಹತ್ತಿ ಮೇಲೆ ಹೋಗಿ, ಹಿಂದಿರುಗಿತು. ಆಮೇಲೆ ಹತ್ತು. ಆಮೇಲೆ ಸಾಲು. ನಾನು ಎಣಿಸುವುದನ್ನು ಬಿಟ್ಟೆ. ಹೊತ್ತೇರುವಷ್ಟರಲ್ಲಿ ಅದೇ ಸಾಲು ಕೆಳಗಿಳಿಯತೊಡಗಿತು, ಪ್ರತಿಯೊಂದರ ಬಾಯಲ್ಲಿ ಒಂದೊಂದು ಬಿಳಿಯ ಮರಿ. ಕೊನೆಗೆ ನಲವತ್ತು ಐವತ್ತು ಸೇರಿ ಕಪ್ಪನೆಯ ಹೆಣವೊಂದನ್ನು ಜಾಲರಿಯ ಕಣ್ಣಿಗೆ ಹಿಡಿಸುವ ಚೂರುಗಳಾಗಿ ಎಳೆದು ತಂದವು. ಬೆನ್ನು ದಪ್ಪ, ಹೊಟ್ಟೆ ಉದ್ದ. ನನ್ನ ಕಾಲುವೆಯ ಮೂಲಕವೇ ರಾಣಿಯನ್ನು ಚೂರು ಚೂರಾಗಿ ಸಾಗಿಸಿದವು. ನೀರಿಲ್ಲದ ನಾನು ಕಲ್ಲು ಮಾತ್ರ.

ದಾಕ್ಷಾಯಿಣಿ ಕಂಡದ್ದು ಮಧ್ಯಾಹ್ನ. "ಯವ್ವಾ, ಇದೇನಾತು!" ಎಂಬ ಕೂಗು ಕೇಳಿತು. ಓಡಿ ಹೋಗಿ ಕೊಡದಿಂದ ನಮ್ಮೆಲ್ಲರಿಗೂ ನೀರು ಸುರಿದಳು. ಆಮೇಲೆ ಮುಚ್ಚಳ ತೆಗೆದು ಪೆಟ್ಟಿಗೆಗೆ ಕೈ ಹಾಕಿದಳು. ಕೆಂಪಿರುವೆಗಳು ಅವಳ ಮೊಣಕೈವರೆಗೆ ಕಚ್ಚಿದವು. ಅವಳು ಕೈ ತೆಗೆಯಲಿಲ್ಲ. "ರಾಣಿ ಎಲ್ಲಿದ್ದೀ ತಾಯಿ, ಎಲ್ಲಿದ್ದೀ" ಎಂದು ಹುಡುಕಿದಳು. ದೀಪದ ಬತ್ತಿಯೊಂದನ್ನು ಒದ್ದೆ ಮಾಡಿ, ಇನ್ನೂ ಕಾದಾಡುತ್ತಿದ್ದ ಒಂದು ಇರುವೆಯನ್ನು ಅದಕ್ಕೆ ಅಂಟಿಸಿ ಎತ್ತಿ, ಗಾಜಿನ ಬಾಟಲಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿದಳು. ಎಲ್ಲಕ್ಕಿಂತ ದೊಡ್ಡ ತಲೆಯದನ್ನೇ ಆರಿಸಿದ್ದಳು.

ಮರುದಿನ ಮಾಸ್ತರ ಬಂದ. ಅವಳು ಊದಿದ ಕೈಯಲ್ಲಿ ಬಾಟಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಎಲ್ಲಾ ಹೋದವ್ರೀ. ನೀರು ನಾನs ಚೆಲ್ಲಿದೆ. ಆದ್ರ ರಾಣಿನ್ನ ಉಳಿಸೀನಿ. ನೋಡ್ರಿ, ಇಕಿನs ಹೌದಲ್ಲ?"

ಮಾಸ್ತರ ಬಾಟಲಿ ತೆಗೆದುಕೊಂಡ. ಅವನ ಕಾಲುಗಳು ನನ್ನ ಎದುರಿಗೆ ಬಂದು ನಿಂತವು. ಹಿಮ್ಮಡಿ ಎತ್ತಿ ಅವನು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಹೌದು," ಎಂದ. "ಇಕಿನs."

ಆ ವಾರವೇ ಹಳೆಯ ಪ್ಲಾಸ್ಟರ್ ಒಡೆದು ತೆಗೆದು ಹೊಸದನ್ನು ಸುರಿದ. ಮೊದಲಿನಷ್ಟೇ ಕೋಣೆಗಳು, ಮೊದಲಿನಷ್ಟೇ ಓಣಿಗಳು. ಜಾಲರಿಯನ್ನು ಬದಲಿಸಿದ. ಒಳಗೆ ಒಂದೇ ಒಂದು ಕೂಲಿ ಇರುವೆಯನ್ನು ಬಿಟ್ಟ. ನೀರಿನ ಕೆಲಸವನ್ನು ದಾಕ್ಷಾಯಿಣಿ ತಾನೇ ವಹಿಸಿಕೊಂಡಳು. ಮೂರು ದಿನಕ್ಕೊಮ್ಮೆ ಚೆಲ್ಲಿ, ತಿಕ್ಕಿ, ತುಂಬುತ್ತಾಳೆ. ಸಂಜೆಗೊಮ್ಮೆ ಕೇಳುತ್ತಾಳೆ.

"ಮೊಟ್ಟಿ ಇಟ್ಟಳೇನ್ರೀ?"

"ಇನ್ನೂ ದಣಿವು ಆರಿಲ್ಲ."

ನೂರಕ್ಕೂ ಮಿಕ್ಕಿ ಸಂಜೆ ಇದೇ ಪ್ರಶ್ನೆ, ಇದೇ ಉತ್ತರ. ದೀಪಾವಳಿಯ ಮುಂದೆ ವಸಂತರಾವ ಊರಿಗೆ ಬಂದವನು ಇಲ್ಲಿಗೂ ಬಂದ. ಮಾಸ್ತರ ಶಾಲೆಯಿಂದ ಬಂದಿರಲಿಲ್ಲ. ದಾಕ್ಷಾಯಿಣಿ ಚಹಾ ತಂದಳು. ಅವನು ಪೆಟ್ಟಿಗೆಗೆ ಕಣ್ಣಿಟ್ಟು ಹುಡುಕಿದ.

"ವೈನಿ, ರಾಣಿ ಎಲ್ಲೆ?"

"ಅಲ್ಲೇ ಕಾಳಿನ ಬಾಜೂಕ ಕೂತಾಳಲ್ರೀ."

"ಅದು ಕೂಲ್ಯಾಕಿ. ಜನ್ಮದಾಗ ಮೊಟ್ಟಿ ಇಡಾಕಿ ಅಲ್ಲ. ನೋಡಿದ್ರs ತಿಳೀತದ. ಮಾಸ್ತರ ಹೇಳಲಿಲ್ಲೇನು?"

ಅವಳ ಕಾಲುಂಗುರ ನೆಲಕ್ಕೆ ಒತ್ತಿ ನಿಂತಿತು. ಒಲೆಯ ಮೇಲೆ ಏನೋ ಉಕ್ಕಿ ಸೀದ ವಾಸನೆ ಬಂತು, ಅವಳು ಹೋಗಲಿಲ್ಲ. ಆಮೇಲೆ ಹೇಳಿದಳು: "ವಸಂತರಾವ, ಇದನ್ನ ನೀವು ನನಗ ಹೇಳಿದ್ದು ಅವರ ಮುಂದ ಅನಬ್ಯಾಡ್ರಿ."

ಮಾಸ್ತರ ಬಂದ. ಗೆಳೆಯರು ಉಂಡರು, ಮಾತಾಡಿದರು. ವಸಂತರಾವ ಹೋದ ಮೇಲೆ ಅವಳು ಸ್ಟ್ಯಾಂಡಿನ ಬಳಿ ಬಂದು ನಿಂತಳು.

"ಇವತ್ತರ ಇಟ್ಟಳೇನ್ರೀ?"

"ಇನ್ನೂ ದಣಿವು ಆರಿಲ್ಲ."

"ಆರಲಿ ತಗೋರಿ," ಎಂದಳು. "ಅವಸರೇನದ."

ಈಗ ನನ್ನ ಅಂಚಿನಲ್ಲಿ ಸೀಳು ಬಿದ್ದಿದೆ. ಬೆಳಿಗ್ಗೆ ತುಂಬಿದ ನೀರು ಸಂಜೆಗೆ ಅರ್ಧವಾಗುತ್ತದೆ. ಮಾಸ್ತರ ಪ್ಲಾಸ್ಟಿಕ್ಕಿನ ಬಟ್ಟಲು ತರುತ್ತೇನೆಂದ. ದಾಕ್ಷಾಯಿಣಿ ಬೇಡವೆಂದು ನನಗೆ ದಿನಕ್ಕೆರಡು ಬಾರಿ ನೀರು ಹಾಕುತ್ತಾಳೆ. ಒಂದು ಕೂಲಿ ಇರುವೆ. ಅದಕ್ಕೆ ನಾಲ್ಕು ಬಟ್ಟಲು, ಇಬ್ಬರು ಕಾವಲುಗಾರರು. ಯಾವ ಸೂತ್ರ ಹಾಕಿದರೂ ಈ ಲೆಕ್ಕ ಕೂಡುವುದಿಲ್ಲ. ನಾನು ಬಹಳ ದಣಿದಿದ್ದೇನೆ. ಆದರೂ ನೀರು ಇರುವಷ್ಟು ಹೊತ್ತು ಈ ಕಾಲನ್ನು ಯಾವ ಇರುವೆಯೂ ಹತ್ತಲಾರದು.