ಅರಿಶಿನ ಹತ್ತಿದ ಕಾಲು

ನಮ್ಮ ಬಳಗದಲ್ಲಿ ಒಂದು ಕಟ್ಟಳೆ ಇದೆ. ಯಾರಾದರೂ ಬಿದ್ದರೆ ನೋಡಬಾರದು. ಕರೆದರೆ ಮಾತ್ರ ಹೋಗಬೇಕು.

ಬಳಗವೆಂದರೆ ಸೇನೆಯಲ್ಲಿ ಗಾಯಗೊಂಡು ಮನೆಗೆ ಬಂದವರದು. ಮೈಸೂರಿನವರೇ ಹತ್ತಾರು ಮಂದಿ. ಈ ವರ್ಷವಿಡೀ ಭಾನುವಾರಗಳಂದು ಊರಿಗೆ ಏನಾದರೊಂದು ಕೆಲಸ ಮಾಡಿಕೊಡುವುದೆಂದು ತೀರ್ಮಾನಿಸಿದ್ದರು. ಶಾಲೆಯ ಬೆಂಚುಗಳಿಗೆ ಬಣ್ಣ, ಆಸ್ಪತ್ರೆಯ ಗಾಲಿಕುರ್ಚಿಗಳ ರಿಪೇರಿ, ಇಂಥವು. ಅಧ್ಯಕ್ಷರು ಸದಾಶಿವಯ್ಯನವರು. ನಿವೃತ್ತ ಸುಬೇದಾರರು, ಒಂದು ಕಣ್ಣಿಲ್ಲ. ನನ್ನ ಗಂಡ ಯೋಗೇಂದ್ರ ಗಡಿಯಲ್ಲಿ ಹಿಮ ಕುಸಿದು ತೀರಿಕೊಂಡ ಮೇಲೆ ಅವರು ನಮ್ಮ ಮನೆಗೆ ಬಂದರು. ಸಮಾಧಾನದ ಮಾತೇನೂ ಆಡಲಿಲ್ಲ.

"ಬಣ್ಣ ಬಳಿಯೋಕೆ ಜನ ಸಾಲ್ದು ಕಣಮ್ಮ. ಭಾನುವಾರ ಬನ್ನಿ" ಎಂದರು. ಹೋದೆ.

ಮೊದಲ ದಿನ ರೇವಣಸಿದ್ದ ಬಣ್ಣದ ಡಬ್ಬಿಯನ್ನು ಮಂಡಿಗಳ ನಡುವೆ ಅವುಚಿಕೊಂಡು ಇರುವ ಒಂದೇ ಕೈಯಲ್ಲಿ ಮುಚ್ಚಳ ತೆಗೆಯುತ್ತಿದ್ದರು. ನಾನು ಡಬ್ಬಿಗೆ ಕೈ ಹಾಕಿದೆ.

"ಅವ್ನು ಕರೆದ್ನಾ?" ಸದಾಶಿವಯ್ಯನವರು ಕೇಳಿದರು.

"ಇಲ್ಲ ಸರ್."

"ಮತ್ತೆ?"

"ಬುಡಿ ಸರ್, ಹೊಸಬ್ರು" ಎಂದು ರೇವಣಸಿದ್ದ ನಕ್ಕರು. "ಮೇಡಂ, ಕೈ ಒಂದೇ ಇರ್ಬೋದು. ಹಲ್ಲು ಎಲ್ಲಾ ಅವೆ."

ಕಟ್ಟಳೆ ನನಗೆ ಒಗ್ಗಿತು. ಯೋಗೇಂದ್ರನ ಬಗ್ಗೆ ಯಾರೂ ಕೇಳಲಿಲ್ಲ. ಅವರಿಗದು ಬೇಕಿಲ್ಲವೆಂದುಕೊಂಡೆ, ಅದೂ ಹಿತವಾಗಿಯೇ ಇತ್ತು. ಸೇನೆಯವರು ಕಳಿಸಿದ ಅವನ ಕಪ್ಪು ಟ್ರಂಕು ನಮ್ಮ ಹಜಾರದಲ್ಲಿತ್ತು. ಬೀಗದ ಕೈ ನನ್ನ ಬಳಿಯೇ ಇತ್ತು. ಮೇಲೊಂದು ಬಟ್ಟೆ ಹಾಸಿ ದಿನಪತ್ರಿಕೆ ಇಡುತ್ತಿದ್ದೆ.

ಆಷಾಢದ ಒಂದು ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲಿನಲ್ಲಿ ಮಜ್ಜಿಗೆ ಹಂಚಲು ಹೋದೆವು. ಬಳಗದ ಮಹದೇವಣ್ಣ ಕ್ಯಾನು ಹೊತ್ತಿದ್ದರು. ಅವರಿಗೆ ಬಲಗಾಲು ಮಂಡಿಯ ಕೆಳಗಿಲ್ಲ, ಅಲ್ಲಿ ಪಟ್ಟಿ ಬಿಗಿದ ಕೃತಕ ಜೈಪುರ ಕಾಲು. ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. ಆ ಹಸಿ ಅರಿಶಿನದ ಮೇಲೆ ಮಹದೇವಣ್ಣನ ಬೂಟು ಜಾರಿತು. ಕ್ಯಾನು ಉರುಳಿತು. ಅವರು ಕುಸಿದು ಕುಳಿತರು. ಪಟ್ಟಿ ಬಿಚ್ಚಿ ಕಾಲು ಬೂಟಿನ ಸಮೇತ ಕೆಳಗಿನ ಮೆಟ್ಟಿಲುಗಳಿಗೆ ಉರುಳಿಹೋಯಿತು.

ಸದಾಶಿವಯ್ಯನವರೂ ರೇವಣಸಿದ್ದರೂ ಊರಿನ ಕಡೆಗೆ ಮುಖ ತಿರುಗಿಸಿ ನಿಂತರು. ನನಗೂ ಗೊತ್ತಿತ್ತು. ಆದರೂ ಓಡಿದೆ.

ಕಾಲನ್ನು ಎತ್ತಿಕೊಂಡೆ. ಯಾರೋ ನಕ್ಕರು.

"ನಗಬೇಡಿ! ಇವರು ಯೋಧರು! ದೇಶಕ್ಕೆ ಕಾಲು ಕೊಟ್ಟವರು!"

ಯೋಗೇಂದ್ರ ಸತ್ತ ಮೇಲೆ ನನ್ನ ಬಾಯಿಂದ ಅಷ್ಟು ದೊಡ್ಡ ದನಿ ಬಂದಿರಲಿಲ್ಲ.

ಮೆಟ್ಟಿಲಿಗೆ ಅರಿಶಿನ ಹಚ್ಚುತ್ತಿದ್ದ ಒಬ್ಬ ಮುದುಕಿ ನನ್ನ ಕೈಯಲ್ಲಿದ್ದ ಕಾಲನ್ನು ನೋಡಿದಳು. ಬಟ್ಟಲಿಗೆ ಬೆರಳದ್ದಿ ಅದಕ್ಕೆ ಅರಿಶಿನ ಬಳಿದಳು, ಮೇಲೆ ಕುಂಕುಮವಿಟ್ಟಳು. "ತಾಯೀ ಚಾಮುಂಡೀ" ಎಂದು ಕೈ ಮುಗಿದಳು. ಹಿಂದಿನವಳೂ ಹಚ್ಚಿದಳು. ಇನ್ನೊಬ್ಬಳು ಬೂಟಿಗೆ ಹೂ ಸಿಕ್ಕಿಸಿದಳು. ಫೋನು ಹಿಡಿದ ಯಾರೋ, "ಅಕ್ಕಾ, ಒಸಿ ಮೇಲೆ ಎತ್ತಿ" ಎಂದರು.

ನಾನು ಎತ್ತಿ ಹಿಡಿದೆ.

ಮೇಲೆ ಮಹದೇವಣ್ಣ ಚೆಲ್ಲಿದ ಮಜ್ಜಿಗೆಯಲ್ಲೇ ಕುಳಿತಿದ್ದರು, ಪ್ಯಾಂಟಿನ ಬರಿದಾದ ಕಾಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಬೈಯಲಿಲ್ಲ. ಬಿದ್ದವಳು ನಾನೇ ಎಂಬಂತೆ ನನ್ನ ಕಡೆಯಿಂದ ಮುಖ ತಿರುಗಿಸಿಕೊಂಡಿದ್ದರು.

ಆ ಭಾನುವಾರ ಅವರು ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ವಿಡಿಯೊ ಎಲ್ಲರ ಫೋನಿಗೂ ಬಂತು, ನನ್ನ ಅತ್ತೆಯ ಫೋನಿಗೂ. ದಸರಾದಲ್ಲಿ ಜನಜಂಗುಳಿಯಲ್ಲಿ ತಪ್ಪಿಸಿಕೊಂಡ ಮಕ್ಕಳನ್ನು ನೋಡಿಕೊಂಡೆವು. ಆಗಲೂ ಮಹದೇವಣ್ಣ ಇರಲಿಲ್ಲ.

"ಬೈದುಬಿಡಿ ಸರ್" ಎಂದು ಸದಾಶಿವಯ್ಯನವರನ್ನು ಕೇಳಿಕೊಂಡೆ.

"ಬೈಯೋಕೆ ನಾನ್ಯಾರಮ್ಮ? ಬಿದ್ದೋನು ನಾನಾ? ಅವ್ನ ಅಂಗಡಿ ಗೊತ್ತಲ್ಲ ನಿಮ್ಗೆ?"

ಗೊತ್ತಿತ್ತು. ದೇವರಾಜ ಮೊಹಲ್ಲಾದಲ್ಲಿ ಮಹದೇವಣ್ಣನದು ಮಿಕ್ಸಿ ರಿಪೇರಿ ಅಂಗಡಿ. ಎಷ್ಟೋ ಸಲ ಆ ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದಿದ್ದೆ. ವರ್ಷ ಮುಗಿಯುತ್ತಾ ಬಂದಾಗ ಒಳಗೇ ಹೋದೆ.

ಮುಂದೆ ಅವರ ಹೆಂಡತಿ ಚಾಮುಂಡಮ್ಮ ಕುಳಿತಿದ್ದರು. "ಬನ್ನಿ ಬನ್ನಿ. ಇನ್ನೊಂದ್ ಕಾಲೂ ಅದೆ, ಪೂಜೆಗೆ ಬಿಚ್ಕೊಡ್ಲಾ?"

"ಸುಮ್ನಿರೇ" ಎಂದರು ಮಹದೇವಣ್ಣ, ಮಿಕ್ಸಿಯಿಂದ ತಲೆ ಎತ್ತದೆ.

"ಯಾಕ್ ಸುಮ್ನಿರ್ಲಿ? ಬಂದೋರೆಲ್ಲ ಮಿಕ್ಸಿ ಜಾರು ಕೊಡೋಕೆ ಮುಂಚೆ ಕಾಲು ತೋರ್ಸಿ ಅಂತಾರೆ. ಮಗಳು ಅಪ್ಪನ್ನ ಸ್ಕೂಲ್ ತಾವ ಬರ್ಬೇಡ ಅಂದವ್ಳೆ."

ಕ್ಷಮೆಯ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅದನ್ನಾಡಿದರೆ ಅವರು "ಪರವಾಗಿಲ್ಲ" ಎನ್ನಬೇಕಾಗುತ್ತಿತ್ತು. ಅದೂ ನಾನೇ ಹೊರಿಸಿದ ಹೊರೆ. ಕಡೆಗೆ ಬಾಯಿಂದ ಬಂದದ್ದು ಬೇರೆ ಮಾತು.

"ಮಹದೇವಣ್ಣ, ಮನೇಲಿ ಯೋಗೇಂದ್ರನ ಟ್ರಂಕ್ ಇದೆ. ತೆಗೆಯೋಕೆ ಆಗ್ತಿಲ್ಲ."

"ಬೀಗದ ಕೈ ಕಳ್ದೋಯ್ತಾ?"

"ಇಲ್ಲ. ಇದೆ."

ಆಗ ತಲೆ ಎತ್ತಿದರು.

"ಮನೆ ಮಹಡಿ ಮೇಲಾ?"

"ಹೌದು. ಲಿಫ್ಟ್ ಇಲ್ಲ."

"ಅದೊಂದ್ ಬಾಕಿ ಇತ್ತು" ಎಂದರು.

ಶನಿವಾರ ಸಂಜೆ ಬಂದರು. ಅತ್ತೆ ಬೆಟ್ಟಕ್ಕೆ ಹೋಗಿದ್ದರು. ಮೆಟ್ಟಿಲಿನ ಮೇಲ್ತುದಿಯಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗೋಡೆಯ ಕಡೆಗೆ ತಿರುಗಿ ನಿಂತೆ. ಅವರು ಹತ್ತುವ ಸದ್ದು ಅಲ್ಲಲ್ಲಿ ನಿಲ್ಲುತ್ತಿತ್ತು. ಮೇಲೆ ಬಂದವರು ಒಳಗೆ ಬರಲಿಲ್ಲ. ಬಾಗಿಲ ಹೊರಗಿನ ಮೆಟ್ಟಿಲಲ್ಲೇ ನನಗೆ ಬೆನ್ನು ಮಾಡಿ ಕುಳಿತರು.

"ಇಲ್ಲೇ ಇರ್ತೀನಿ. ಬೇಕಾದ್ರೆ ಕರೀರಿ."

ಬಟ್ಟೆ ಸರಿಸಿದೆ. ಬೀಗ ಸಲೀಸಾಗಿ ತೆರೆದುಕೊಂಡಿತು. ಉಣ್ಣೆಯ ಕಾಲುಚೀಲ, ಹಿಮ್ಮಡಿಯ ಬಳಿ ತೂತು. ಒಂದು ಡಬ್ಬಿಯಲ್ಲಿ ಅರ್ಧ ಸವೆದ ಗಂಧದ ಸೋಪು, ಒಣಗಿ ಬಿರುಕು ಬಿಟ್ಟದ್ದು. ಅವನು ರಜೆ ಮುಗಿಸಿ ಹೊರಡುವಾಗ ನಾನೇ ಇಟ್ಟದ್ದು. ಮೂಸಿದೆ. ನನ್ನ ಗಂಟಲಿನಿಂದ ಎಂಥದೋ ಸದ್ದು ಬಂತು, ನಿಲ್ಲಿಸಲಾಗಲಿಲ್ಲ. ಕೆಳಗಿನ ಮನೆಯವರಿಗೂ ಕೇಳಿಸಿರಬೇಕು. ಆ ಬೆನ್ನು ಮಾತ್ರ ತಿರುಗಲಿಲ್ಲ.

ಬಹಳ ಹೊತ್ತಾದ ಮೇಲೆ ಕರೆದೆ. "ಮಹದೇವಣ್ಣ."

"ಹೂಂ, ಬಂದೆ."

ಕಂಬಿ ಹಿಡಿದು ಏಳಲು ನೋಡಿದರು. ಪ್ಯಾಂಟು ಮೇಲೆ ಸರಿಯಿತು. ಬೂಟಿಗೂ ಕಾಲಿಗೂ ನಡುವಿನ ಸಂದಿಯಲ್ಲಿ ಹಳದಿ ಹಾಗೇ ಉಳಿದಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು.

"ಓಗಲ್ಲ ಅದು. ಪೆಟ್ರೋಲ್ ಆಕಿ ಉಜ್ಜಿದ್ದಾಯ್ತು."

ಗೋಡೆಯ ಕಡೆಗೆ ತಿರುಗಿದೆ.

"ಈಗ್ಯಾಕ್ರೀ ಗೋಡೆ ನೋಡ್ತೀರಿ? ಕೈ ಕೊಡಿ."

ಕೊಟ್ಟೆ. ಭಾರದ ಮನುಷ್ಯ. ನಾನೇ ಮುಂದಕ್ಕೆ ವಾಲಿದೆ.

"ಗಟ್ಟಿಯಾಗ್ ನಿಂತ್ಕೊಳ್ರೀ. ಇಬ್ರೂ ಬಿದ್ರೆ ಯಾರ್ನ ಯಾರು ಕರಿಯಾದು?" ಎಂದರು. ನಿಂತ ಮೇಲೂ ಕೈ ಬಿಡದೆ, "ನಾಳೆ ಎಲ್ಲಿ ಕೆಲ್ಸ?" ಎಂದು ಕೇಳಿದರು.

"ಸ್ಕೂಲಲ್ಲಿ" ಎಂದೆ. ತಲೆ ಎತ್ತಲು ಆಗಲಿಲ್ಲ.