ಮುಂದಿನ ಮಾಡೆಲ್

ನನ್ನ ಗಂಡನ ಕ್ಯಾಲೆಂಡರಿನಲ್ಲಿ ಇವತ್ತು ಎಂಬ ದಿನವೇ ಇಲ್ಲ. ನಾಳೆ ಇದೆ, ಮುಂದಿನ ತಿಂಗಳು ಇದೆ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಮುಂದಿನ ಮಾಡೆಲ್ ಇದೆ. ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಇವರು ಖರೀದಿ ವಿಭಾಗದ ಮುಖ್ಯಸ್ಥರು. ಜೀವಮಾನವಿಡೀ ಬೋಲ್ಟು, ರಬ್ಬರು, ತಾಮ್ರದ ತಂತಿ ಕೊಂಡಿದ್ದಾರೆ. ಕೊಳ್ಳುವುದಕ್ಕೆ ಇವರದೇ ಒಂದು ವರಸೆ. ಮೊದಲು ಮಾಲಿನಲ್ಲಿ ಹುಳುಕು ಹುಡುಕುವುದು. ಆಮೇಲೆ ನಮಗಿದು ಅಷ್ಟೇನೂ ಬೇಕಾಗಿಲ್ಲ ಎನ್ನುವುದು. ಕೊನೆಗೆ ಕುರ್ಚಿ ಹಿಂದಕ್ಕೆ ತಳ್ಳಿ, ಕೋಟಿನ ಗುಂಡಿ ಹಾಕಿಕೊಂಡು ಎದ್ದು ಬಂದುಬಿಡುವುದು. ಬಾಗಿಲು ಮುಟ್ಟುವಷ್ಟರಲ್ಲಿ ಮಾರುವವನು "ಸರ್, ಸರ್" ಎಂದು ಹಿಂದಿನಿಂದ ಕರೆಯಬೇಕು. ಕರೆಯದಿದ್ದರೆ ಆ ವಸ್ತು ನಮಗೆ ಬೇಡವೇ ಬೇಡ.

ಕಾರ್ಖಾನೆಯಲ್ಲಿ ಇದಕ್ಕೆ ಶಹಬ್ಬಾಸ್‌ಗಿರಿ ಸಿಕ್ಕಿರಬಹುದು. ಮನೆಯಲ್ಲಿ ಅನುಭವಿಸಿದವಳು ನಾನು. ನಮ್ಮ ಫ್ರಿಜ್ಜು ಬಂದದ್ದು ಬೇಸಿಗೆ ಮುಗಿದ ಮೇಲೆ. ಮಗಳನ್ನು ಕೂರಿಸಿ ತಳ್ಳುವ ಗಾಡಿ ಬರುವಷ್ಟರಲ್ಲಿ ಮಗಳು ಮನೆತುಂಬ ಓಡಾಡುತ್ತಿದ್ದಳು. ಅಷ್ಟೇಕೆ, ನಾನು ಮದುವೆಯ ಮಾತೆತ್ತಿದಾಗಲೂ "ನೋಡೋಣ" ಎಂದು ಎದ್ದು ಹೊರಟವರೇ. ಹಿಂದಿನಿಂದ ಕರೆದದ್ದು ನಾನು. ದಡ್ಡಿ!

ನನ್ನ ಕಸುಬೂ ಹೇಳಿಬಿಡುತ್ತೇನೆ. ಈ ಊರಿನಲ್ಲಿ ಕ್ಲಚ್ಚು ತುಳಿಯಲು ಬರುವ ಅರ್ಧ ಜನಕ್ಕೆ ಕಲಿಸಿದವಳು ನಾನು. ನನ್ನದೇ ಡ್ರೈವಿಂಗ್ ಸ್ಕೂಲು ಇತ್ತು. "ಕನ್ನಡಿ ನಂಬಬೇಡಿ, ಕತ್ತು ತಿರುಗಿಸಿ" ಎನ್ನುವುದು ನನ್ನ ಮೊದಲ ಪಾಠ. ಕತ್ತು ತಿರುಗಿಸದವರು ನನ್ನಿಂದ ತಿಂದ ಬೈಗುಳ ಹೆತ್ತ ತಾಯಿಯಿಂದಲೂ ತಿಂದಿರಲಿಕ್ಕಿಲ್ಲ. ಊರಿಗೆಲ್ಲ ಕಲಿಸಿದೆ, ಮನೆಯೊಳಗಿನ ಒಬ್ಬರಿಗೆ ಜಪ್ಪಯ್ಯ ಅಂದರೂ ಕಲಿಸಲಾಗಲಿಲ್ಲ. "ಗೇರು, ಕ್ಲಚ್ಚು ಎಲ್ಲಾ ಹಳೇ ಕಾಲದ್ದು ಕಣೇ. ಅದಿಲ್ಲದ ಗಾಡಿ ಬರ್ತವೆ, ಆಗ ಕಲಿತರಾಯ್ತು" ಎಂದರು. ಅಂಥ ಗಾಡಿಗಳು ಬಂದು ಯಾವ ಕಾಲವಾಯಿತು! ಈಗ ಕೇಳಿದರೆ, "ತಾನೇ ಓಡೋ ಗಾಡಿ ಬರುತ್ತಂತೆ, ಇನ್ನು ಕಲಿಯೋದೇ ಬೇಡ" ಎನ್ನುತ್ತಾರೆ. ಹೀಗಾಗಿ ಸ್ಟೇರಿಂಗು ನನ್ನದು, ಪಕ್ಕದ ಸೀಟು ಇವರದು, ಮದುವೆಯಾದಾಗಿನಿಂದ.

ಹೋದ ವರ್ಷ ಕಣ್ಣಿನ ಡಾಕ್ಟರು ನನ್ನ ಗಲ್ಲವನ್ನು ಆ ಯಂತ್ರದ ಮೇಲೆ ಇಡಿಸಿ, ಬಹಳ ಹೊತ್ತು ನೋಡಿ, ಕುರ್ಚಿಗೆ ಒರಗಿದರು. "ನಿಮ್ಮ ನೋಟ ಅಂಚಿನಿಂದ ಒಳಕ್ಕೆ ಸಣ್ಣಗಾಗ್ತಾ ಇದೆಯಮ್ಮ. ಎದುರಿಗಿರೋದು ಚೆನ್ನಾಗಿ ಕಾಣುತ್ತೆ. ಪಕ್ಕದಲ್ಲಿರೋದು ಕಮ್ಮಿಯಾಗ್ತಾ ಹೋಗುತ್ತೆ. ಇದಕ್ಕೆ ಔಷಧಿ ಇಲ್ಲ. ಸದ್ಯಕ್ಕೆ ಹಗಲು ಹೊತ್ತು ಓಡಿಸಿ, ಆಗಾಗ ಬಂದು ತೋರಿಸ್ಕೊಳ್ಳಿ. ಒಂದಿನ ನಾನು ಸಾಕು ಅಂತೀನಿ. ಆವತ್ತು ನನ್ನ ಹತ್ರ ಜಗಳ ಆಡಬಾರದು" ಎಂದರು.

ಬೇರೆಯವರ ಮಕ್ಕಳ ಜೀವ ಕೈಯಲ್ಲಿಟ್ಟುಕೊಂಡು ಕಲಿಸುವ ಕೆಲಸ ನನ್ನದು. ಆ ವಾರವೇ ಸ್ಕೂಲನ್ನು ಮಾರಿದೆ. ಬಂದ ಹಣ ನನ್ನದು, ನನ್ನ ಬೆವರಿನದು. ಅದರಲ್ಲಿ ನನಗಿದ್ದದ್ದು ಒಂದೇ ಆಸೆ. ಇಷ್ಟು ವರ್ಷ ಡಬ್ಬದಂಥ ಕಾರುಗಳಲ್ಲಿ, ಎರಡನೇ ಗೇರಿನಲ್ಲಿ, ಗಕ್ಕನೆ ನಿಂತು ಗಕ್ಕನೆ ಹೊರಡುತ್ತ ಬದುಕು ಸವೆಸಿದ್ದೇನೆ. ಡಾಕ್ಟರು ಸಾಕು ಎನ್ನುವುದರೊಳಗೆ ಒಂದು ಒಳ್ಳೆಯ ಕಾರು, ಕಾಲು ಊರಿದರೆ ಚಿಮ್ಮುವಂಥ ಎಲೆಕ್ಟ್ರಿಕ್ ಕಾರು, ಕೊಂಡು ಓಡಿಸಬೇಕು. ಎಷ್ಟು ದಿನ ಸಿಕ್ಕಿದರೆ ಅಷ್ಟು ದಿನ.

ಇವರಿಗೆ ಹೇಳಿದೆ. ಅದೇ ನಾನು ಮಾಡಿದ ತಪ್ಪು.

"ತಗೊಳ್ಳೋಣ, ತಗೊಳ್ಳೋಣ. ಯಾರು ಬೇಡ ಅಂದ್ರು? ಆದ್ರೆ ಈಗಲ್ಲ" ಎಂದರು. ಹೊಸ ಥರದ ಬ್ಯಾಟರಿ ಬರುತ್ತಿದೆಯಂತೆ. ಅದು ಬಂದರೆ ಈಗಿನದಕ್ಕೆ ಕವಡೆ ಕಿಮ್ಮತ್ತಿಲ್ಲವಂತೆ. ಬ್ಯಾಟರಿ ಆಯಿತು ಎನ್ನುವಾಗ ಚಾರ್ಜ್ ಮಾಡುವ ಜಾಗಗಳು ಹೆಚ್ಚಲಿ ಎಂದರು. ಅದೂ ಹೆಚ್ಚಿದಾಗ, ವರ್ಷದ ಕೊನೆಗೆ ಹಳೆಯ ಸ್ಟಾಕು ಬಿಟ್ಟುಕೊಡುತ್ತಾರೆ, ಆಗ ಹಿಡಿಯೋಣ ಎಂದರು. ವರ್ಷದ ಕೊನೆಯೂ ಬಂತು. "ಹೊಸ ಮಾಡೆಲ್ಲೇ ಬರ್ತಿರೋವಾಗ ಹಳೇದು ಯಾರಿಗೆ ಬೇಕು?" ಎಂದರು. ಊಟದ ಮೇಜಿನ ಮೇಲೆ ಫೋನು ಆನಿಸಿಟ್ಟುಕೊಂಡು ದಿನವೂ ಕಾರುಗಳ ವಿಡಿಯೋ ನೋಡುವುದು, ಅಳೆದೂ ಸುರಿದೂ ಕೊನೆಗೆ ತಲೆ ಅಲ್ಲಾಡಿಸುವುದು.

ಒಂದು ದಿನ ನನ್ನ ಮೈ ಉರಿದುಹೋಯಿತು. "ನಿಮ್ಮ ಬ್ಯಾಟರಿ ಬರೋವರೆಗೂ ನನ್ನ ಕಣ್ಣು ಕಾಯುತ್ತೇನ್ರೀ?" ಎಂದು ಕೇಳಿದೆ.

ಇವರು ಫೋನಿನಿಂದ ತಲೆ ಎತ್ತಲಿಲ್ಲ. "ಅಷ್ಟರಲ್ಲಿ ಕಣ್ಣಿಗೂ ಏನಾದ್ರೂ ಹೊಸದು ಬರುತ್ತೆ ಬಿಡು" ಎಂದರು.

ಕೈಯಲ್ಲಿದ್ದ ಸೌಟನ್ನು ಎಸೆಯಲಿಲ್ಲ. ಯಾಕೆ ಎಸೆಯಲಿಲ್ಲ ಎಂದು ಇವತ್ತಿಗೂ ಬೇಜಾರಿದೆ. ಮರುದಿನ ಬೆಳಿಗ್ಗೆಯೇ ಹೊರಟು ನಿಂತೆ. "ಷೋರೂಮಿಗೆ ಹೋಗ್ತಿದ್ದೀನಿ. ಬರ್ತೀರೋ, ಇಲ್ಲಾ ಒಬ್ಬಳೇ ಹೋಗಲೋ?" ಎಂದೆ. ಖರೀದಿ ಎಂದ ಮೇಲೆ ಇವರು ಬಿಟ್ಟಾರೆಯೇ? ಕೋಟು ಹಾಕಿಕೊಂಡು ಬಂದರು.

ನಮ್ಮ ಹಳೆಯ ಕಾರನ್ನು ಷೋರೂಮಿನ ಹಿಂದೆ ನಿಲ್ಲಿಸಿ ಒಳಗೆ ಹೋದೆವು. ಬಿಳಿಯ ನೆಲ, ಗಾಜಿನ ಗೋಡೆ, ಹೊಸ ಚರ್ಮದ ವಾಸನೆ. ನಡುವೆ ಕಡುನೀಲಿ ಬಣ್ಣದ ಕಾರು. ನಾನು ಅದರ ಮೈಮೇಲೆ ಕೈ ಇಟ್ಟೆ. ನನಗೆ ಅದು ಬೇಕಿತ್ತು, ಸಣ್ಣ ಮಗುವಿಗೆ ಬೇಕಾಗುವ ಹಾಗೆ ಬೇಕಿತ್ತು. ಮಾರುವ ಕೆಲಸದ ಹುಡುಗಿ ಅಚ್ಚುಕಟ್ಟಾಗಿ ಮಾತಾಡುತ್ತಿದ್ದಳು. ಇವರು ಶುರು ಮಾಡಿದರು. ಬಾಗಿಲ ಸಂದು ಒಂದೇ ಸಮ ಇಲ್ಲ. ಸೀಟಿನ ಹೊಲಿಗೆ ಸೊಟ್ಟ. "ಇಷ್ಟು ಸ್ಪೀಡು ಇಟ್ಕೊಂಡು ಯಾವ ರಸ್ತೇಲಿ ಉಪ್ಪಿನಕಾಯಿ ಹಾಕ್ಬೇಕಮ್ಮ?" ಎಂದರು. ಹುಡುಗಿ ನಗುತ್ತಲೇ ಇದ್ದಳು, ಪಾಪ, ಸಂಬಳಕ್ಕಾಗಿ.

ಮೇಜಿನ ಎದುರು ಕೂತ ಮೇಲೆ ಎರಡನೇ ವರಸೆ ಬಂತು. "ನೋಡಮ್ಮ, ನಮಗೇನೂ ಅರ್ಜೆಂಟಿಲ್ಲ. ನನಗೆ ಓಡಿಸೋಕೆ ಬರಲ್ಲ. ಇವಳಿಗೆ ಕಣ್ಣು ಹೋಗ್ತಾ ಇದೆ. ಇನ್ನೊಂದು ವರ್ಷ ಆದ್ಮೇಲೆ ಇದನ್ನ ಮನೆ ಮುಂದೆ ನಿಲ್ಲಿಸಿ ಧೂಳು ಒರೆಸ್ಕೊಂಡು ಕೂರಬೇಕಷ್ಟೇ. ಈಗ ನೀವೇ ಹೇಳಿ, ಎಷ್ಟು ಬಿಡ್ತೀರಿ?"

ನನ್ನ ಕಣ್ಣನ್ನು ಸೊಟ್ಟ ಹೊಲಿಗೆಯ ಪಕ್ಕದಲ್ಲಿ ತಂದಿಟ್ಟರು! ಎರಡು ಕಾಸು ಇಳಿಸಲಿಕ್ಕೆ! ಈ ಮನುಷ್ಯನನ್ನು ನಾನು ದ್ವೇಷಿಸುತ್ತೇನೆ ಎಂದು ಅಲ್ಲೇ, ಆ ಮೆತ್ತನೆಯ ಕುರ್ಚಿಯಲ್ಲೇ, ಸ್ಪಷ್ಟವಾಗಿ ಅನ್ನಿಸಿತು. ಹುಡುಗಿ ನನ್ನ ಮುಖ ನೋಡಿ ಪೆನ್ನು ಕೆಳಗಿಟ್ಟಳು.

ಇವರು ನನ್ನ ಕಿವಿಯ ಹತ್ತಿರ ಬಾಗಿ, "ಸುಮ್ನಿರು, ಇದು ವ್ಯಾಪಾರದ ಮಾತು" ಎಂದು ಪಿಸುಗುಟ್ಟಿದರು.

"ಓಡಿಸಿ ನೋಡಬೇಕು" ಎಂದೆ ನಾನು ಹುಡುಗಿಗೆ. ಅವಳು ತಡವರಿಸಿದಳು. "ಲೈಸೆನ್ಸ್ ಇದೆಯಮ್ಮ. ಹಗಲು ಓಡಿಸಬಹುದು ಅಂತ ಡಾಕ್ಟರೇ ಹೇಳಿದ್ದಾರೆ. ಇವರು ಹೇಳಿದ್ದು ವ್ಯಾಪಾರದ ಮಾತಂತೆ, ಕೇಳಿಸ್ಲಿಲ್ವಾ?" ಇವರು ಹೌದೆಂಬಂತೆ ಕೆಮ್ಮಿದರು.

ಇವರು ಯಾವತ್ತಿನಂತೆ ನನ್ನ ಪಕ್ಕ ಕೂತರು, ಹುಡುಗಿ ಹಿಂದೆ. ಕಾರ್ಖಾನೆಗಳ ಹಿಂಬದಿಯ ರಸ್ತೆ, ರಜಾದಿನ, ಖಾಲಿ ಬಿದ್ದಿತ್ತು. ಕಾಲು ಊರಿದೆ. ಅಬ್ಬಾ! ಸದ್ದಿಲ್ಲ, ಗೇರಿಲ್ಲ, ಬೆನ್ನನ್ನು ಯಾರೋ ಸೀಟಿಗೆ ಒತ್ತಿ ಹಿಡಿದಂತಾಯಿತು. ಕಾರ್ಖಾನೆಯ ಗೋಡೆ ಸರಸರನೆ ಹಿಂದಕ್ಕೆ ಸರಿಯಿತು. ಇವರು ಎರಡೂ ಕಾಲು ನೆಲಕ್ಕೊತ್ತಿ "ನಿಧಾನ, ನಿಧಾನ" ಎಂದು ಕೂಗಿದರು. ನಾನು ನಗುತ್ತಿದ್ದೆ, ಬಾಯಿಬಿಟ್ಟು ನಗುತ್ತಿದ್ದೆ. ಇವರ ಮೇಲಿನ ಸಿಟ್ಟೂ ಆ ವೇಗದಲ್ಲಿ ಎಲ್ಲೋ ಹಿಂದೆ ಉಳಿದಿತ್ತು.

ರಸ್ತೆ ಮುಗಿಯಿತು. ವೇಗ ಇಳಿಸಿದೆ. ತಿರುವಿನಲ್ಲಿ, ನಾನು ಕಲಿಸಿದ ಹಾಗೆಯೇ, ಆ ಕಡೆ ಕತ್ತು ತಿರುಗಿಸಿದೆ, ಈ ಕಡೆ ಕತ್ತು ತಿರುಗಿಸಿದೆ. ಯಾರೂ ಇರಲಿಲ್ಲ. ಆಮೆಯ ಹಾಗೆ ಮುಂದೆ ಬಿಟ್ಟೆ. ಕಾರು ಧಡಕ್ಕನೆ ತಾನಾಗಿಯೇ ನಿಂತಿತು, ಬೆಲ್ಟು ಎದೆಗೆ ಬಿಗಿಯಿತು.

"ಇದೇನ್ರಮ್ಮ ನಿಮ್ಮ ಗಾಡಿ?" ನಾನು ಹುಡುಗಿಯ ಮೇಲೆ ಹರಿಹಾಯ್ದೆ. "ಖಾಲಿ ರಸ್ತೇಲಿ ಸುಮ್ಸುಮ್ನೆ ನಿಲ್ಲುತ್ತಲ್ಲ!"

ಇವರು ಮುಂದಿನ ಗಾಜನ್ನೇ ನೋಡುತ್ತಿದ್ದರು. ಇವರ ಕಣ್ಣು ಹೋದ ಕಡೆ ಕತ್ತು ತಿರುಗಿಸಿದೆ. ಬಾನೆಟ್ಟಿನ ಮೂಲೆಯ ಮೇಲೆ ಒಂದು ಕೈ ಇತ್ತು. ಕೈಯ ಹಿಂದೆ ಒಬ್ಬ ಮುದುಕ, ಇನ್ನೊಂದು ಕೈಯಲ್ಲಿ ಸೈಕಲ್ಲು. ಸೈಕಲ್ಲಿನ ಹಿಂದೆ ಕೂತ ಪುಟ್ಟ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಮುದುಕ ಏನೋ ಬೈದು, ಸೈಕಲ್ಲು ತಳ್ಳಿಕೊಂಡು ದಾಟಿಹೋದ.

"ನೋಡಿದ್ರಾ ಸರ್?" ಹಿಂದಿನ ಸೀಟಿನಿಂದ ಷೋರೂಮಿನ ಹುಡುಗಿ ಖುಷಿಯಲ್ಲಿ ಹೇಳಿದಳು. "ತಾನೇ ಬ್ರೇಕ್ ಹಾಕ್ತು! ಈ ಮಾಡೆಲ್‌ನಲ್ಲಿ ಮಾತ್ರ ಇರೋದು."

ಇವರು ಹುಳುಕು ಹುಡುಕಲಿಲ್ಲ. ನಾನು ಇಳಿದು ಹಿಂದಿನ ಸೀಟಿಗೆ ಹೋದೆ. ಕಾರನ್ನು ಹುಡುಗಿಯೇ ವಾಪಸು ತಂದಳು.

ಮೇಜಿನ ಮುಂದೆ ಕೂರುವ ಮೊದಲೇ ಇವರು, "ಬುಕ್ ಮಾಡಿ. ಇವತ್ತೇ. ಹೇಳಿದ ರೇಟಿಗೇ" ಎಂದರು. ಇಷ್ಟು ವರ್ಷದಲ್ಲಿ ಈ ಬಾಯಿಂದ ಇವತ್ತೇ ಎನ್ನುವ ಮಾತು ಕೇಳಿದ್ದು ಅದೇ ಮೊದಲು. ನನ್ನ ಕಡೆ ತಿರುಗಿ, "ಇವಳೇ, ಅದೇ ನೋಡ್ಕೊಳ್ಳುತ್ತಲ್ಲ, ಅದೇ ನಿಲ್ಲಿಸುತ್ತೆ. ನೀನು ಓಡಿಸಬಹುದು. ನೀನೇ ಓಡಿಸು" ಎಂದರು.

"ಸಲ ಸಲಾನೂ ಅದು ನಿಲ್ಲುತ್ತೆ ಅಂತ ನಂಬ್ಕೊಂಡು ಆ ಮಗು ಮೇಲೆ ಗಾಡಿ ಬಿಡಲಾ?" ಎಂದೆ. "ಹೋದ ವರ್ಷ ನಾನು ಕೇಳ್ದಾಗ ನನಗೆ ಕಾಣ್ತಿತ್ತು ಕಣ್ರೀ. ಒಂದು ವರ್ಷ ಓಡಿಸಬಹುದಿತ್ತು. ಆ ವರ್ಷಾನ ನೀವು ಬ್ಯಾಟರಿ ನೋಡ್ತಾ ತಿಂದುಹಾಕಿದ್ರಿ."

ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ. ಬಾಗಿಲು ಮುಟ್ಟುವಷ್ಟರಲ್ಲಿ ಹುಡುಗಿ ಓಡಿಬಂದಳು. "ಮೇಡಂ, ಮೇಡಂ! ಮ್ಯಾನೇಜರ್ ಹತ್ರ ಮಾತಾಡಿ ಇನ್ನೂ ಇಳಿಸಿಕೊಡ್ತೀನಿ, ಹೋಗಬೇಡಿ!" ಇವರ ವರಸೆ ಅಂತೂ ಫಲಿಸಿತ್ತು. ನಾನು ಹಿಂದಿರುಗಿ ನೋಡಲಿಲ್ಲ.

ಹಿಂದಿನ ಅಂಗಳದಲ್ಲಿ ನಮ್ಮ ಹಳೆಯ ಕಾರು ಬಿಸಿಲಿಗೆ ಕಾದು ನಿಂತಿತ್ತು. ಇವರು ಹಿಂದೆಯೇ ಬಂದು, ಅಭ್ಯಾಸಬಲದಿಂದ, ತಮ್ಮ ಬದಿಯ ಬಾಗಿಲ ಹಿಡಿಯ ಮೇಲೆ ಕೈ ಇಟ್ಟು ಕಾಯುತ್ತ ನಿಂತರು.

"ನಾನು ಓಡಿಸಲ್ಲ" ಎಂದೆ. "ಡಾಕ್ಟರ ಹತ್ರ ಹೋಗೋದೂ ಬೇಕಾಗಿಲ್ಲ. ನಾನೇ ಸಾಕು ಅಂತಿದ್ದೀನಿ."

"ಮತ್ತೆ ಮನೆಗೆ?"

"ಬಸ್ಸಿದೆ. ಈ ಗಾಡಿ ಇಲ್ಲೇ ಬಿದ್ದಿರಲಿ. ನೀವು ಕಲಿತು ಬಂದು ತಗೊಂಡು ಹೋಗಿ. ಯಾವಾಗ ಕಲಿಯೋಕೆ ಶುರು ಮಾಡ್ತೀರಿ?"

ಕಾರಿನ ಆಚೆ ಬದಿಯಲ್ಲಿ ಇವರು ನಿಂತಿದ್ದರು. ಎದುರಿಗಿದ್ದರಿಂದ ಮುಖ ಚೆನ್ನಾಗಿಯೇ ಕಾಣುತ್ತಿತ್ತು. ಕಣ್ಣು ತುಂಬಿತ್ತು.

"ನೋಡೋಣ" ಎಂದರು. ಅಂದ ಕೂಡಲೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

ಕೀಗೊಂಚಲನ್ನು ಕಾರಿನ ಮೇಲಿಂದ ಇವರತ್ತ ಬೀಸಿ ಎಸೆದೆ. ಇವರ ಭುಜಕ್ಕೆ ತಾಗಿ ಪಕ್ಕಕ್ಕೆ ಹಾರಿತು. ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಎಲ್ಲಿ ಬಿತ್ತು ಎಂದು ನನಗೆ ಕಾಣಲಿಲ್ಲ.