ಮುಮ್ತಾಜಬಿಯ ಹಿತ್ತಲಿನ ಘಾಟು

ಬ್ಯಾಡಗಿಯಲ್ಲಿ ಯಾರಾದರೂ ಸೀನಿದರೆ ಯಾರೂ ತಿರುಗಿ ನೋಡುವುದಿಲ್ಲ. ಪೇಟೆಯ ತುಂಬ ಒಣಮೆಣಸಿನಕಾಯಿ, ಓಣಿಯ ತುಂಬ ಅದರ ಧೂಳು. ಆದರೆ ಈ ಸಲ ಶುಭ ಶುಕ್ರವಾರ ಚರ್ಚಿನೊಳಗೆ ಬಂದ ಸೀನು ದೊಡ್ಡ ಅನಾಹುತಕ್ಕೇ ದಾರಿ ಮಾಡುವುದರಲ್ಲಿತ್ತು.

ಮಧ್ಯಾಹ್ನದ ಪ್ರಾರ್ಥನೆ ನಡೆದಿತ್ತು. ಇದ್ದಕ್ಕಿದ್ದಂತೆ ಕಿಟಕಿಯಿಂದ ಮೆಣಸಿನಕಾಯಿ ಸುಟ್ಟ ಘಾಟು ನುಗ್ಗಿತು. ಮುದುಕರು ಕೆಮ್ಮಿದರು, ಮಕ್ಕಳು ಕಿರುಚಿದವು, ಪ್ರಾರ್ಥನೆ ಅರ್ಧಕ್ಕೇ ಬಿಟ್ಟು ಎಲ್ಲರೂ ಅಂಗಳಕ್ಕೆ ಓಡಿದರು. ನೋಡಿದರೆ ಹೊಗೆ ಹಿಂದಿನ ಮನೆಯ ಮುಮ್ತಾಜಬಿಯ ಹಿತ್ತಲಿನಿಂದ ಬರುತ್ತಿತ್ತು.

"ಬ್ಯಾಡಗಿ ಕಾಯಿಗೆ ಇಷ್ಟು ಘಾಟು ಎಲ್ಲೈತಿ? ಬೇಕಂತನ ಖಾರದ ಕಾಯಿ ತಂದು ಸುಟ್ಟಾರ" ಎಂದನೊಬ್ಬ.

ನಮ್ಮೂರ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ. ಹೀಗಾಗಿ ಆ ಮಾತು ಎಲ್ಲರಿಗೂ ಖರೆ ಅನ್ನಿಸಿಬಿಟ್ಟಿತು. ಹೋದ ತಿಂಗಳು ಮೈಕಿನ ಸಪ್ಪಳದ ಸಲುವಾಗಿ ಚರ್ಚಿನ ಕಡೆಯ, ಮಸೀದಿಯ ಕಡೆಯ ಹುಡುಗರು ಕಿತ್ತಾಡಿದ್ದರು ಬೇರೆ. ಇನ್ನೇನು ಬೇಕು, ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ಚರ್ಚಿನಲ್ಲಿದ್ದ ಪ್ರೇಮವ್ವ ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೂಲಿಯವಳು; ಅವಳ ಮಗ ಸುಕುಮಾರ ಆಟೋ ಹೊಡೆಯುವವನು. ಕೆಮ್ಮುತ್ತಲೇ ವಿಡಿಯೋ ಮಾಡಿಕೊಂಡಿದ್ದ, ಭೂಪ!

"ಯವ್ವಾ, ಓಣಿ ಹುಡುಗ್ರಿಗೆ ಆಗಲೇ ಕಳಿಸೇನಿ, ಇನ್ನ ಇದನ್ನ ಹಾವೇರಿ, ರಾಣೆಬೆನ್ನೂರ ಗ್ರೂಪಿಗೆಲ್ಲಾ ಬಿಡ್ತೇನಿ. ಸಂಜಿಗೆ ಹುಡುಗ್ರೆಲ್ಲಾ ಕೂಡಿ ಅವರ ಮನಿಗೆ ಹೋಗಿ ಕೇಳತೇವಿ" ಎಂದ.

ಪ್ರೇಮವ್ವನಿಗೂ ಸಿಟ್ಟಿತ್ತು, ಸುಳ್ಳೇಕೆ ಹೇಳಬೇಕು. ಆದರೆ ಹುಡುಗರು ಗುಂಪು ಕಟ್ಟಿಕೊಂಡು ಕೇಳಲು ಹೋದರೆ ಅದು ಎಲ್ಲಿಗೆ ಮುಟ್ಟುತ್ತದೆಂದು ಗೊತ್ತಿಲ್ಲವೇ? ಆ ಮನೆಯಲ್ಲಿ ಹೆರಿಗೆಗೆ ಬಂದ ಮುಮ್ತಾಜಬಿಯ ಮಗಳು, ಹಸಿ ಬಾಣಂತಿ, ಇದ್ದಾಳೆ. ಒಂದು ಕಲ್ಲು ಬಿದ್ದರೂ ಕೂಸಿನ ಗತಿಯೇನು? ಇದ್ದೊಬ್ಬ ಮಗ ಠಾಣೆ ಹತ್ತಿದರೆ ತನ್ನ ಗತಿಯೇನು?

ಅಷ್ಟರಲ್ಲಿ ಸುದ್ದಿ ತಿಳಿದು ಚರ್ಚಿನ ಪಾದ್ರಿ ಅಯ್ಯನವರೇ ಮನೆಗೆ ಬಂದರು.

"ಸುಕುಮಾರಾ, ಯಾಕ ಹೊಗಿ ಹಾಕೀರಿ ಅಂತ ಮುಮ್ತಾಜಬಿನ್ನ ಕೇಳೀಯೇನು?"

"ಕೇಳೂದೇನೈತ್ರಿ, ಕಣ್ಣಾರೆ ಕಂಡೇವಲ್ಲ."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರೇರು ಸುಮ್ಮನ ಹೇಳ್ಯಾರೇನು? ಸುಳ್ಳು ಸುದ್ದಿ ಬಿಟ್ಟು ಗಲಾಟಿ ಆತಂದ್ರ ಬಿಟ್ಟಾಂವನ ಮ್ಯಾಲೆ ಕೇಸ್ ಬೀಳತೈತಿ."

"ಅವ್ರು ಏನು ಮಾಡಿದ್ರೂ ನಾವು ಸುಮ್ಮನಿರಬೇಕೇನ್ರಿ?"

"ಸುಮ್ಮನಿರು ಅನ್ನಾಂಗಿಲ್ಲಪಾ. ಹೋಗು, ಕೇಳು. ಆದ್ರ ಗುಂಪು ಬ್ಯಾಡ, ನಿಮ್ಮವ್ವನ ಕರಕೊಂಡು ಮರ್ಯಾದಿಲೆ ಹೋಗು. ನಮ್ಮ ಸ್ವಾಮಿ ತನ್ನ ಶಿಲುಬಿಗೆ ಹೊಡದವರ ಸಲುವಾಗಿ ಪ್ರಾರ್ಥನಿ ಮಾಡಿದ ದಿನ ಇದು. ಬಾಜೂ ಮನಿಯವರ ಕೂಡ ಒಂದು ಮಾತಾಡಾಕ ನಮಗ ಆಗೂದಿಲ್ಲೇನು?"

ಸುಕುಮಾರ ಗೊಣಗುತ್ತ ಎದ್ದ. ಓಣಿಯ ತುದಿಯಲ್ಲಿ ಹುಡುಗರು ಆಗಲೇ ಜಮಾಯಿಸಿದ್ದರು. ಪ್ರೇಮವ್ವ ಅವರತ್ತ ನೋಡದೆ ಲಗುಬಗೆಯಿಂದ ನಡೆದಳು. ಮುಮ್ತಾಜಬಿಯ ಬಾಗಿಲು ಹಾಕಿತ್ತು.

"ಚಾಚಿ, ನಾನು ಸುಕುಮಾರ" ಎಂದು ಕದ ಬಡಿದ.

ಒಳಗೆ ಬೀಸುಕಲ್ಲು ಎಳೆದು ಬಾಗಿಲಿಗೆ ಅಡ್ಡ ಇಟ್ಟ ಸಪ್ಪಳ. "ಬಾಣಂತಿ ಅದಾಳಪ್ಪಾ, ಏನೂ ಮಾಡಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳತೇನಿ!"

ಸುಕುಮಾರ ಹಿಂದೆ ಸರಿದ. ಅವ್ವ ಕೂಲಿಗೆ ಹೋದಾಗ ಈ ಚಾಚಿಯೇ ರೊಟ್ಟಿ ಮುರಿದು ಉಣಿಸಿದ್ದಳು. "ಯವ್ವಾ, ಚಾಚಿ ನನಗ ಅಂಜಾಕತ್ತಾಳಲ್ಲಬೇ" ಎಂದ.

"ಮುಮ್ತಾಜಕ್ಕಾ, ನಾನದೇನಿ, ಪ್ರೇಮಾ. ಮತ್ಯಾರೂ ಇಲ್ಲ. ಬಾಗಿಲಾ ತಗೀಬೇ."

ಬಹಳ ಹೊತ್ತಿನ ಮೇಲೆ ಕದ ಸರಿಯಿತು. ಮುಮ್ತಾಜಬಿ ಇಣುಕಿ ಮೊದಲು ಓಣಿಯ ತುದಿ ನೋಡಿದಳು.

"ಕೂಸು ಮುಂಜಾನಿಂದ ಹಾಲು ಕುಡೀವಲ್ದು, ಪ್ರೇಮಾ. ನಜರು, ದೃಷ್ಟಿ ಆಗೈತಂತ ಕಾಯಿ ನಿವಾಳಿಸಿ ಕೆಂಡಕ್ಕ ಹಾಕಿದೆ. ಈ ವಾರ ತುಂಬು ಬಿಡಿಸಾಕ ಖಾರದ ಗುಂಟೂರು ಕಾಯಿ ಬಂದಾವು, ಮನ್ಯಾಗ ಅವ ಇದ್ದವು. ನಿಮ್ಮ ಪ್ರಾರ್ಥನಿ ಐತಂತ ನನಗ ಖಬರ ಇರಲಿಲ್ಲ. ಮಾಫಿ ಕೇಳಾಕ ಬರಬೇಕಂದ್ರ ಹೊರಗ ಹುಡುಗ್ರು ಒದರಾಕತ್ತಿದ್ರು."

ಉಪವಾಸದ ವಾರವೆಂದು ಪ್ರೇಮವ್ವ ಕೆಲಸಕ್ಕೆ ಹೋಗಿರಲಿಲ್ಲ. ಹೋಗಿದ್ದರೆ ಯಾವ ಕಾಯಿ ಬಂದಿದೆಯೆಂದು ಅವಳಿಗೂ ತಿಳಿಯುತ್ತಿತ್ತು. ಆದರೆ ಈಗ ಅದನ್ನು ಯೋಚಿಸುವ ಹೊತ್ತಲ್ಲ.

"ಅಯ್ಯ ಸ್ವಾಮಿ! ಹಾಲು ಕುಡೀಲಿಲ್ಲಂದ್ರ ಕೂಸಿನ್ನ ಡಾಕ್ಟರಿಗೆ ತೋರಿಸೂದಲ್ಲೇನಬೇ?"

"ಹೆಂಗ ಹೊರಗ ಬರ್ಲಿ?" ಮುಮ್ತಾಜಬಿ ಅತ್ತೇಬಿಟ್ಟಳು.

ಸುಕುಮಾರ ಓಡಿಹೋಗಿ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ. ಬಾಣಂತಿ, ಕೂಸು, ಇಬ್ಬರು ಹೆಂಗಸರು ಹತ್ತಿದರು. ಓಣಿಯ ತುದಿಯಲ್ಲಿ ಹುಡುಗರು ದಾರಿಗಡ್ಡ ನಿಂತರು.

"ಸರೀರಿ! ತಪ್ಪು ನಮ್ಮದೈತಿ. ವಿಡಿಯೋ ಯಾರೂ ಮುಂದ ಕಳಿಸಬ್ಯಾಡ್ರಿ. ಚಾಚಿ ಕೂಸಿನ ನಜರು ತಗದಾಳ, ಅಷ್ಟ. ಕೂಸಿಗೆ ಆರಾಮಿಲ್ಲ" ಎಂದು ಸುಕುಮಾರ ಕೂಗಿದ. ಹುಡುಗರು ಮುಖ ಮುಖ ನೋಡಿಕೊಂಡು ಸರಿದರು.

ದವಾಖಾನೆಯಲ್ಲಿ ನೋಡಿದರೆ ಕೂಸಿಗೆ ವಿಪರೀತ ಜ್ವರವಿತ್ತು. "ರಾತ್ರಿ ತನಕ ಮನ್ಯಾಗ ಇಟ್ಟುಕೊಂಡಿದ್ರ ಉಳಿಯೂದು ಕಷ್ಟ ಇತ್ತು" ಎಂದರು ಡಾಕ್ಟರು. ಸುಕುಮಾರ ಅಲ್ಲಿಯೇ ಗೋಡೆಗೆ ಒರಗಿ ಕುಳಿತು, ಚಿಕ್ಕ ಮಗುವಿನಂತೆ ಅತ್ತ.

ಅಕ್ಕಗಳಿರಾ, ಅಣ್ಣಗಳಿರಾ, ನಿಮ್ಮ ಫೋನಿಗೂ ಇಂಥ ವಿಡಿಯೋ ಬರುತ್ತದೆ. ಸಿಟ್ಟೂ ಬರುತ್ತದೆ. ಅದನ್ನು ಮುಂದೆ ಕಳಿಸಬೇಡಿ. ಮೊದಲು ಆ ಮನೆಗೆ ಹೋಗಿ, ಗುಂಪಿಲ್ಲದೆ ಹೋಗಿ, ಮರ್ಯಾದೆಯಿಂದ ಕೇಳಿ. ನಿಜವಾಗಿ ತಪ್ಪಾಗಿದ್ದರೆ ಹಿರಿಯರಿದ್ದಾರೆ, ಕಾನೂನಿದೆ. ನೆರೆಯವರನ್ನು ಪ್ರೀತಿಸುತ್ತೇವೆಂದು ಚರ್ಚಿನಲ್ಲಿ ಹೇಳುವ ನಮ್ಮ ದನಿ ಕೇಳಿ ನೆರೆಯವರೇ ಕದ ಹಾಕಿಕೊಳ್ಳುವಂತಾಗಬಾರದು.